ಹನ್ನೆರಡು ನಿಮಿಷದಲ್ಲಿ ಓದಿ ಮುಗಿಸಿದ ಪುಸ್ತಕ

ಪತ್ರಿಕೆಯೊಂದರಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿ ನಿವೃತ್ತರಾದ ಅವರಿಗೆ ಜೊತೆಗಾರರು ಇಟ್ಟ ಹೆಸರು ಒತ್ತಕ್ಷರ ಸಾಹೇಬರು. ಮದುವೆಯ ಕರೆಯೋಲೆ ಕೊಟ್ಟರೂ ಮೊದಲು ತಪ್ಪಿಗೆ ಗುರುತು ಹಾಕಿ, ಆಮೇಲೆ ಶುಭ ಹಾರೈಸುವ ಪುಣ್ಯಾತ್ಮ. ಚಿತ್ರದ ಪುಸ್ತಕ ಕಂಡರೆ ಮೂಗು ಮುರಿಯುತ್ತಿದ್ದರು. “ಓದೋಕೆ ಬರದೋರಿಗೆ ಬೊಂಬೆ” ಎಂಬುದು ಅವರ ತೀರ್ಪು, ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅಂಥವರು ಈಗ ಮೂರು ತಿಂಗಳಿಂದ ಚಿತ್ರಕಾದಂಬರಿಯೊಂದಕ್ಕೆ ಚಾತಕಪಕ್ಷಿಯಂತೆ ಕಾಯುತ್ತಿದ್ದರು. ಮೂವತ್ತು ವರ್ಷದ ಹಿಂದೆ ಬಟ್ಟೆ ಮಿಲ್ಲಿಗೆ ಬೆಂಕಿ ಬಿದ್ದಾಗ ಅವರ ಅಣ್ಣ ಒಳಗೇ ಉಳಿದಿದ್ದ. ಬಾಗಿಲು ತೆರೆದಿದ್ದರೂ ಮಗ ಯಾಕೆ ಓಡಿ ಬರಲಿಲ್ಲ ಎಂದು ಕೇಳುತ್ತಲೇ ತಾಯಿ ಕಣ್ಣು ಮುಚ್ಚಿದ್ದರು. ಬದುಕುಳಿದವರನ್ನೆಲ್ಲ ಮಾತಾಡಿಸಿ ಯಾರೋ ಆ ಬೆಂಕಿಯ ಕಥೆಯನ್ನೇ ಚಿತ್ರಗಳಲ್ಲಿ ತರುತ್ತಿದ್ದಾರೆ ಎಂದು ತಿಳಿದಾಗಿನಿಂದ ಸಾಹೇಬರಿಗೆ ಊಟ ರುಚಿಸುತ್ತಿರಲಿಲ್ಲ. ಪುಸ್ತಕದಂಗಡಿಯವನು ಇವರ ಫೋನು ಎತ್ತುವುದನ್ನೇ ಬಿಟ್ಟಿದ್ದ.

ಕೊನೆಗೂ ಪುಸ್ತಕ ಬಂತು. ಇನ್ನೂರ ನಲವತ್ತು ಪುಟ. ಸಾಹೇಬರು ಕನ್ನಡಕ ಒರೆಸಿ ಕೂತರು, ಹನ್ನೆರಡು ನಿಮಿಷಕ್ಕೆ ಎದ್ದರು. ಅಕ್ಷರ ಕಂಡಲ್ಲೆಲ್ಲ ನಿಂತಿದ್ದರು. ಅಕ್ಷರವಿಲ್ಲದ ಪುಟಗಳನ್ನು ಖಾಲಿ ಹಾಳೆಯೆಂದೇ ಬಗೆದು ಪರಪರ ಮಗುಚಿದ್ದರು.

“ನಾಲ್ಕು ಕಡೆ ತಪ್ಪು. ಅಣ್ಣನ ವಿಷಯ ಒಂದಕ್ಷರ ಇಲ್ಲ” ಎಂದು ಬದಿಗೆ ಎಸೆದರು.

ಎತ್ತಿಕೊಂಡವರು ಹೆಂಡತಿ. ಶಾಲೆಗೆ ಹೋದದ್ದು ನಾಲ್ಕೇ ವರ್ಷ, ಹಾಗಾಗಿ ಪಾಪ, ಅವರಿಗೆ ನೋಡುವುದೊಂದೇ ಗೊತ್ತು. ಮೂರು ದಿನ ಒಂದೊಂದೇ ಪುಟ ನೋಡಿದರು. ಮೂರನೆಯ ಮಧ್ಯಾಹ್ನ ತೆರೆದ ಪುಸ್ತಕವನ್ನು ಗಂಡನ ಮುಂದಿಟ್ಟರು.

“ರೀ, ಈ ಪುಟ ನೋಡಿದ್ರಾ?”

“ಏನಿದೆ ಅದರಲ್ಲಿ? ಒಂದು ಮಾತೂ ಇಲ್ಲ.”

“ಭಾವನವರು ಇದಾರೆ.”

ಇದ್ದ. ಆರು ಬೆರಳಿನ ಎಡಗೈ ಮನೆಯವರಿಗೆ ಮರೆಯುವಂಥದ್ದಲ್ಲ. ಆ ಕೈಯಿಂದ ಬಾಗಿಲು ಗುದ್ದುತ್ತಿದ್ದ. ಪಕ್ಕದ ಚಿತ್ರದಲ್ಲಿ ಅದೇ ಬಾಗಿಲು, ಹೊರಗಡೆಯಿಂದ. ಅದಕ್ಕೆ ಅಂಗೈ ಅಗಲದ ಬೀಗ ಹಾಕಿತ್ತು.

ಸಾಹೇಬರು ಜೀವನದಲ್ಲಿ ಮೊದಲ ಸಲ ಒಂದು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಬಾಗಿಲು ತೆರೆದೇ ಇತ್ತು ಅಂತ ಮಿಲ್ಲಿನೋರ ಹೇಳಿಕೆ ಬಂದಿತ್ತಲ್ಲ, ನಮ್ಮ ಪತ್ರಿಕೇಲಿ” ಎಂದರು. “ಅದರ ಕರಡು ನೋಡಿದ್ದು ನಾನೇ ಕಣೇ. ತಪ್ಪಿಲ್ಲ ಅಂತ ಸಹಿ ಹಾಕಿ ಕಳಿಸಿದ್ದೆ.”