ಅತ್ತೆಯ ಮೈಮೇಲೆ ಬಂದ ದೇವರು

ಮೊನ್ನೆ ಸಂಜಯನಗರದ ನಮ್ಮ ಗೇಟಿನೆದುರು ಒಂಟಿ ಚಪ್ಪಲಿಯೊಂದು ಬಿದ್ದಿತ್ತು. ನೀವಾಗಿದ್ದರೆ ಪಕ್ಕಕ್ಕೆ ತಳ್ಳಿ ಹೋಗುತ್ತಿದ್ದಿರಿ. ನಾನು ನಿಂತುಬಿಟ್ಟೆ. ಕೋಗಿಲು ಹಳ್ಳಿಯ ನನ್ನ ಸೋದರತ್ತೆ ನೆನಪಾದಳು.

ಎಪ್ಪತ್ತರ ದಶಕದ ಕೊನೆಯ ಮಾತು. ಅತ್ತೆ ಹೊಲದಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬರುತ್ತಿದ್ದಳು. ಇನ್ನೊಂದು ದಾರಿಯಲ್ಲಿ ಜಾರಿಹೋದದ್ದು ಅವಳಿಗೇ ತಿಳಿಯುತ್ತಿರಲಿಲ್ಲ. "ನೆಲ ಯಾಕೋ ಆಸ್ಗೆ ತರ ಮೆತ್ಗೈತೆ ಕಣೋ" ಎನ್ನುತ್ತಿದ್ದಳು. ಕಲ್ಲಿನಂಥ ಕೆಂಪು ನೆಲ ಅದು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಮೇಲೊಂದು ಶುಕ್ರವಾರ ಊರಮ್ಮನ ಗುಡಿಯಲ್ಲಿ ಮಂಗಳಾರತಿಗೆ ಕಣ್ಣು ಮುಚ್ಚಿದವಳು ತೂರಾಡಿ ಬಿದ್ದಳು. "ಅಮ್ಮ ಬಂದ್ಳು! ಅಮ್ಮ ಬಂದ್ಳು!" ಎಂದು ಜನ ಅಡ್ಡಬಿದ್ದರು. ಮುಂದಿನ ಶುಕ್ರವಾರವೂ ಹಾಗೇ. ಅಲ್ಲಿಗೆ ಮುಗಿಯಿತು ನೋಡಿ! ಬಾವಿ ಎಲ್ಲಿ ತೋಡಿಸಲಿ, ಮಗಳ ಮದುವೆ ಯಾವಾಗ ಎಂದು ಕೇಳುವವರ ಸಾಲೇ ಸಾಲು. ನಾನೇನು ಕಡಿಮೆಯೇ? ಎಸ್ಸೆಸ್ಸೆಲ್ಸಿ ಗಣಿತಕ್ಕೆಂದು ಉದ್ದಕ್ಕೆ ಅಡ್ಡಬಿದ್ದೆ. ಡುಮ್ಕಿ ಹೊಡೆದೆ. ಆದರೂ ನಂಬಿಕೆ ಹೋಗಲಿಲ್ಲ.

ಕೆಲವು ವರ್ಷ ಕಳೆದು, ಅತ್ತೆಗೆ ಹೆಜ್ಜೆ ಇಡುವುದೇ ಕಷ್ಟವಾದ ಮೇಲೆ, ಮಾವ ಅವಳನ್ನು ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಡಾಕ್ಟರು ಅವಳನ್ನು ಕಾಲು ಜೋಡಿಸಿ ನಿಲ್ಲಿಸಿ, "ಕಣ್ಣು ಮುಚ್ಚಿ ಅಮ್ಮ" ಎಂದರು. ಮುಚ್ಚಿದ್ದೇ ತಡ, ಅತ್ತೆ ವಾಲಿದಳು. ಮಾವ ಭಕ್ತಿಯಿಂದ ಕೈಮುಗಿದರು.

"ಏನ್ರೀ ಕೈಮುಗೀತಾ ನಿಂತಿದೀರಾ? ಹಿಡ್ಕೊಳ್ರೀ ಅವ್ರನ್ನ!"

ಆಮೇಲೆ ಡಾಕ್ಟರು ಸಮಾಧಾನವಾಗಿ ತಿಳಿಸಿ ಹೇಳಿದರು. "ಕಾಲಲ್ಲಿ ಶಕ್ತಿ ಇದೆ. ಕಾಲು ಎಲ್ಲಿದೆ, ನೆಲ ಹೇಗಿದೆ ಅನ್ನೋ ಸುದ್ದಿ ಬೆನ್ನುಹುರಿಗೆ ಬರ್ಬೇಕಲ್ಲ, ಅದನ್ನ ತರೋ ನರಗಳು ಕೆಟ್ಟಿವೆ. ಆ ಸುದ್ದಿ ಇಲ್ದೆ ನಡಿಗೆ ಹಿಡಿತಕ್ಕೆ ಸಿಗಲ್ಲ. ಇಷ್ಟು ದಿನ ಕಣ್ಣಲ್ಲಿ ನೋಡ್ಕೊಂಡು ಹೆಜ್ಜೆ ಹಾಕಿದಾರೆ. ಕಣ್ಣು ಮುಚ್ಚಿದ್ರೆ ಬೀಳ್ತಾರೆ, ಅಷ್ಟೆ. ಮೊದ್ಲೇ ಬಂದಿದ್ರೆ ಇಂಜೆಕ್ಷನ್‌ನಲ್ಲೇ ಬಹಳಷ್ಟು ವಾಸಿ ಆಗೋದು."

ಊರಿಗೆ ವಾಪಸು ಹೊರಟ ಬಸ್ಸು ಹೆಬ್ಬಾಳ ದಾಟಿತು. ಮಾವ ಅತ್ತೆಯ ಕಡೆ ತಿರುಗಿದರು. "ಅಲ್ಲಾ ಕಣೆ, ಮೈಮೇಲೆ ಯಾರೂ ಬಂದಿಲ್ಲ ಅಂತ ಒಂದ್ ಮಾತು ಏಳ್ಬಾರ್ದಿತ್ತಾ?"

ಅತ್ತೆ ಕಿಟಕಿಯಿಂದಾಚೆ ನೋಡುತ್ತಲೇ ಹೇಳಿದಳು. "ನಾನು ಬಿದ್ದಾಗೆಲ್ಲ ಎತ್ತೋಕ್ ಮುಂಚೆ ನೀವೂ ಬಿದ್ಬಿಡ್ತಿದ್ರಿ. ಯಾರಿಗೇಳ್ಲಿ?"

ಆಮೇಲೆ ಅವಳು ಹೆಚ್ಚು ದಿನ ನಡೆಯಲಿಲ್ಲ. ಈಗ ಮಾವನೂ ಇಲ್ಲ, ಅವಳೂ ಇಲ್ಲ. ನನಗೂ ವಯಸ್ಸಾಯಿತು, ಮೆಟ್ಟಿಲಿಳಿಯುವಾಗ ಮೊಮ್ಮಗಳು ಕೇಳದೆಯೇ ಬಂದು ತೋಳು ಹಿಡಿಯುತ್ತಾಳೆ. ಮೊದಲೆಲ್ಲ ಗದರಿ ಕೊಡವಿಕೊಳ್ಳುತ್ತಿದ್ದೆ. ಮೊನ್ನೆಯಿಂದ ಸುಮ್ಮನೆ ತೋಳು ಕೊಡುತ್ತೇನೆ. ಆ ಪುಟ್ಟ ಕೈ ಅತ್ತೆಗೆ ಸಿಗಬೇಕಿತ್ತು.