ಹಿರಿಯಮ್ಮ ನೋಡಿಹೋದ ಬಾಲವಾಡಿ

ಮಕ್ಕಳೇ, ಅರುವತ್ತರ ದಶಕದ ಮೊದಲಲ್ಲಿ, ನಾನು ಹೊಸ ಸೊಸೆಯಾಗಿದ್ದಾಗ, ವಾಮದಪದವಿನಲ್ಲಿ ಹೆಂಗಸರ ಸಂಘದ ಒಂದು ಬಾಲವಾಡಿ ಇತ್ತು. ನನ್ನ ಅತ್ತೆಯೇ ಸಂಘದ ಅಧ್ಯಕ್ಷೆ. ಬೀಡಿ ಕಟ್ಟುವವರ, ಗದ್ದೆ ಕೆಲಸದವರ ಮಕ್ಕಳು ಬರುತ್ತಿದ್ದರು. ಕಲಿಸುತ್ತಿದ್ದ ಟೀಚರನ್ನು ಗಂಡ ಬಿಟ್ಟುಹೋಗಿದ್ದ. ಅವರಿಗೆ ಬೇರೆ ಮನೆ ಇರಲಿಲ್ಲ, ಬಾಲವಾಡಿಯ ಹಿಂದಿನ ಕೋಣೆಯಲ್ಲೇ ಇದ್ದರು.

ಮಕ್ಕಳ ಮಧ್ಯಾಹ್ನದ ಗಂಜಿಗೆ ನಾವು ಮನೆಮನೆಯಿಂದ ಅಕ್ಕಿ ಬೇಡಿ ತರುತ್ತಿದ್ದೆವು. ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಯಾರ ಮನೆಯಲ್ಲೂ ಕೊಡುವಷ್ಟು ಇರುತ್ತಿರಲಿಲ್ಲ. ಗಂಜಿ ಇಲ್ಲದಿದ್ದರೆ ಮಕ್ಕಳಿಲ್ಲ. ಮಕ್ಕಳಿಲ್ಲದಿದ್ದರೆ ಟೀಚರಿಗೆ ಆ ಕೋಣೆಯೂ ಇಲ್ಲ.

ಮೂಡಬಿದಿರೆಯ ಒಂದು ಜೈನ ಮನೆತನದವರು ವರ್ಷಕ್ಕೊಂದು ಸಂಸ್ಥೆಗೆ ದತ್ತಿ ಕೊಡುತ್ತಿದ್ದರು. ಯಾರಿಗೆಂದು ಹೇಳುವವರು ಆ ಮನೆಯ ಹಿರಿಯಮ್ಮ. ಕೇಳಿದವರಲ್ಲಿಗೆಲ್ಲ ತಾವೇ ಹೋಗಿ ನೋಡಿ ಬರುವುದು ಅವರ ಕ್ರಮ. ಆ ವರ್ಷ ನಾವೂ ಕೇಳಿದ್ದೆವು. ಬೇಸಿಗೆಯಲ್ಲಿ ನಮ್ಮಲ್ಲಿಗೂ ಬರುತ್ತೇನೆಂದು ಹೇಳಿ ಕಳುಹಿಸಿದರು.

ಅತ್ತೆ ಊರೆಲ್ಲ ಓಡಾಡಿ ಹೊಸ ಚಾಪೆ, ಕಂಚಿನ ಹರಿವಾಣ ಎರವಲು ತಂದರು. ಮಕ್ಕಳಿಗೆ ಯಾರ್ಯಾರದೋ ಮನೆಯ ಒಳ್ಳೆಯ ಅಂಗಿ ಹಾಕಿಸಿದರು.

ಟೀಚರು ಮೆಲ್ಲಗೆ ಕೇಳಿದರು, "ಅಕ್ಕಾ, ಮಳೆಗಾಲಕ್ಕೆ ಇಡುವ ಅಕ್ಕಿಯ ಮಡಕೆ ಖಾಲಿ ಉಂಟಲ್ಲ, ಅದನ್ನೂ ತೋರಿಸುವನಾ?"

"ಮರ್ಲಾ ನಿನಗೆ, ತಲೆ ಸರಿ ಉಂಟಾ? ಮನೆಗೆ ಬಂದವರಿಗೆ ಖಾಲಿ ಮಡಕೆ ತೋರಿಸುವುದಾ? ಮಾನ ಬೇಡವಾ ಮಾರಾಯ್ತಿ!" ಎಂದು ಅತ್ತೆ ಗದರಿದರು.

ಹಿರಿಯಮ್ಮ ಬಂದರು. ಬೆಲ್ಲ ನೀರು ಕುಡಿದರು. ಮಕ್ಕಳು ಹೆಸರುಬೇಳೆ ಪಾಯಸ ಉಣ್ಣುವುದನ್ನು ನೋಡುತ್ತಾ ಕುಳಿತರು.

"ಮಳೆಗಾಲಕ್ಕೆ ಏನಾದರೂ ತೊಂದರೆ ಉಂಟಾ?" ಎಂದು ಕೇಳಿದರು.

"ತೊಂದರೆ ಏನಿಲ್ಲ, ನಡೀತದೆ" ಎಂದರು ಅತ್ತೆ. ಉಣ್ಣುವ ಹೊತ್ತಿನಲ್ಲಿ ಅತಿಥಿಯ ಮುಂದೆ ಕಷ್ಟ ಹೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಾನು ಹರಿವಾಣ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಹಿರಿಯಮ್ಮ ಹೊರಡುವಾಗ ಟೀಚರ ತಲೆ ಸವರಿ, "ಚಂದ ನಡೆಸ್ತಿ ಮಗಾ" ಎಂದರು. ಟೀಚರ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

ದತ್ತಿ ತೋಡಾರಿನ ಒಂದು ಶಾಲೆಗೆ ಹೋಯಿತು. ಸ್ವಲ್ಪ ದಿನ ಕಳೆದು ಒಂದು ಮದುವೆಯಲ್ಲಿ ಹಿರಿಯಮ್ಮನ ಮಗಳು ಸಿಕ್ಕಿದರು. "ನಿಮ್ಮ ಬಾಲವಾಡಿ ಅಮ್ಮನಿಗೆ ತುಂಬ ಮೆಚ್ಚಿಗೆ ಆಯ್ತು. ಅಲ್ಲಿ ಎಲ್ಲ ಉಂಟು, ತೋಡಾರಿನ ಮಕ್ಕಳಿಗೆ ಕೂರಲು ಚಾಪೆಯೂ ಇಲ್ಲ ಅಂದರು" ಎಂದು ಸಂತೋಷದಿಂದಲೇ ಹೇಳಿದರು.

"ಒಳ್ಳೇದಾಯ್ತು" ಎಂದು ಅತ್ತೆ ನಕ್ಕರು.

ಆಟಿಯಲ್ಲಿ ಗಂಜಿ ನಿಂತಿತು. ಮಕ್ಕಳು ತಾಯಂದಿರ ಹಿಂದೆ ಗದ್ದೆಯ ಬದುವಿಗೆ ಹೋದರು. ಬಾಲವಾಡಿಗೆ ಬೀಗ ಬಿತ್ತು.

ಟೀಚರು ಪುಂಜಾಲಕಟ್ಟೆಗೆ ಹೋಗಿ ಬಸ್ಸು ಹಿಡಿಯುವವರಿದ್ದರು. ಹೊರಡುವ ಮೊದಲು ಬೀಗದ ಕೈ ಕೊಡಲು ನಮ್ಮಲ್ಲಿಗೆ ಬಂದರು. ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು.

"ಊಟ ಮಾಡಿ ಹೋಗು" ಎಂದರು ಅತ್ತೆ.

"ಬೇಡ ಅಕ್ಕಾ, ಹೊಟ್ಟೆ ತುಂಬಿದೆ."

ಹಿಂದಿನ ದಿನದಿಂದ ಅವರ ಒಲೆ ಉರಿದಿರಲಿಲ್ಲವೆಂದು ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.