ಸುನಂದಾಳ ಐದನೆಯ ಬಾಟಲಿ

ಶಿವರಾತ್ರಿ ಮುಗಿದ ವಾರ, ಸೋಮವಾರ ಸಂಜೆ, ನನ್ನ ತಂಗಿ ಸುನಂದಾ ಎರಡು ದಿನ ಸುತ್ತಾಡಿ ಸೇಡಂಗೆ ನಮ್ಮ ಮನೆಗೆ ಬಂದಳು. ಚೀಲದಿಂದ ಐದು ಸಣ್ಣ ಬಾಟಲಿ ತೆಗೆದು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇಟ್ಟಳು. ಐದರಲ್ಲೂ ನೀರು, ತಳದಲ್ಲಿ ಚಿಟಿಕೆ ಕೆಸರು, ಮುಚ್ಚಳದ ಮೇಲೆ ಒಂದರಿಂದ ಐದರವರೆಗೆ ನಂಬರು. ಆಮೇಲೆ ಇಬ್ಬರೂ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು.

ಅವಳು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ನಮ್ಮ ಕಡೆಯ ಸುಣ್ಣಗಲ್ಲಿನ ನೀರಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿವೆ, ಅವುಗಳಲ್ಲಿ ಕೆಲವು ತಮ್ಮ ಸುತ್ತ ಸುಣ್ಣ ಕಟ್ಟಿಕೊಳ್ಳುತ್ತವೆ. ಆ ಗುಣ ಯಾವ ಜೀನಿನಲ್ಲಿದೆ ಎಂದು ಹುಡುಕುವುದು, ಅದನ್ನು ಬೇಗ ಬೆಳೆಯುವ, ಅಪಾಯವಿಲ್ಲದ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸುವುದು, ಅದರಿಂದ ಕಲ್ಲಿನ, ಸಿಮೆಂಟಿನ ಬಿರುಕು ಮುಚ್ಚಿಸುವುದು ಅವರ ಕೆಲಸ. ನಾನು ಹೊಲಿಗೆಯವಳು, ಓದಿದ್ದು ಹತ್ತನೆಯ ತರಗತಿ. ನನಗೆ ಅವಳು ಬೇರೆ ರೀತಿ ಹೇಳಿದ್ದಳು.

"ನಿನ್ನ ಹತ್ರ ಅಳತಿ ಬ್ಲೌಸ್ ತಂದ್ ಕೊಡ್ತಾರಲ್ಲಕ್ಕಾ, ಜೀನ್ ಅಂದ್ರ ಹಂಗ. ಅದನ್ನ ನೋಡಿ ಹೊಸ ಬಟ್ಟಿ ಕತ್ತರಿಸ್ತೀವಿ. ಅಳತಿ ಬ್ಲೌಸೇ ಇಲ್ಲಂದ್ರ ಏನ್ ಹೊಲೀತಿ?"

"ದೇವರು ಹೊಲಿದದ್ದು ಬಿಚ್ಚಿ ಮತ್ತ ಹೊಲಿಲಾಕತ್ತೀರೇನು?" ಎಂದೆ.

"ಬಿಚ್ಚಂಗಿಲ್ಲ, ಒಂದು ತೋಳು ಕೂಡಸ್ತೀವಿ. ಸರಿ ಕೂಡ್ತೋ ಇಲ್ಲೋ ಅಂತ ಲ್ಯಾಬಿನಾಗೇ ಇಟ್ಕೊಂಡು ಭಾಳ ದಿನ ನೋಡ್ತೀವಿ. ಹೊರಗ ಬಿಡಂಗಿಲ್ಲ."

ಹೋದ ವರ್ಷವೂ ಅವಳು ಇದೇ ಐದು ಜಾಗದ ನೀರು ಒಯ್ದಿದ್ದಳು. ಐದನೆಯ ಬಾಟಲಿಯಲ್ಲಿದ್ದದ್ದು ಎಲ್ಲಕ್ಕಿಂತ ಬೇಗ ಸುಣ್ಣ ಕಟ್ಟಿತಂತೆ. ಅದರ ಜೀನ್ ಓದುವ ಮೊದಲೇ ಪ್ರಯೋಗಾಲಯದಲ್ಲಿ ಕೆಟ್ಟುಹೋಯಿತು. ಅದಕ್ಕೇ ಮತ್ತೆ ಬಂದಿದ್ದಳು.

ಮರುದಿನ ಬೆಳಿಗ್ಗೆ ತಲೆನೋವು ಎಂದಳು. ಚಹಾ ಇಡಲು ಹೋದೆ. ತಿರುಗಿ ಬರುವಷ್ಟರಲ್ಲಿ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಳು. ಕಲಬುರಗಿಯ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಳು. ತಲೆಯಲ್ಲಿ ರಕ್ತನಾಳ ಒಡೆದಿತ್ತು ಎಂದರು. ಮೂವತ್ತೊಂದು ವಯಸ್ಸು.

ಹೆಣ ಹೊರಟ ಮೇಲೆ ಮನೆಯಲ್ಲಿ ತುಂಬಿಟ್ಟ ನೀರು ಇರಬಾರದು. ಕೊಡ, ಹಂಡೆ, ಬಕೆಟ್ಟು ಎಲ್ಲ ಚೆಲ್ಲಿ ಬೋರಲು ಹಾಕಬೇಕು. ನಾನೇ ಚೆಲ್ಲಿದೆ. ಪಕ್ಕದ ಮನೆಯ ಕಾಕಿ, "ಫ್ರಿಜ್ಜಿನಾಗಿಂದೂ ಚೆಲ್ಲವ್ವಾ" ಎಂದಳು. ಕುಡಿಯುವ ನೀರಿನ ಬಾಟಲಿಗಳ ಜೊತೆ ಆ ಐದನ್ನೂ ಮೋರಿಗೆ ಸುರಿದೆ. ತಿಕ್ಕಿ ತೊಳೆದೆ. ಏನು ಸುರಿಯುತ್ತಿದ್ದೇನೆ ಎಂಬುದು ಆಗ ತಲೆಗೆ ಹೋಗಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಫರೀದಾ ಫೋನು ಮಾಡಿದಳು. ಸುನಂದಾಳ ಜೊತೆ ಕೆಲಸ ಮಾಡುವವಳು, ಬೀದರ ಕಡೆಯವಳು. "ಅಕ್ಕಾ, ಕೇಳಲಾಕ ಮನಸ್ಸಾಗಲ್ಲ. ಫ್ರಿಜ್ಜಿನಾಗ ಬಾಟ್ಲಿ ಅದಾವೇನ್ರಿ? ಬಂದು ಒಯ್ತೀನಿ" ಎಂದಳು. ನಾನು, "ರವಿವಾರ ಬಾ ತಂಗಿ" ಎಂದೆ. ಚೆಲ್ಲಿದ್ದನ್ನು ಹೇಳಲಿಲ್ಲ, ಅವಳು ಬರುವುದರೊಳಗೆ ಮತ್ತೆ ತುಂಬಿಡೋಣ ಎಂದುಕೊಂಡೆ. ಸುನಂದಾಳ ನೋಟುಬುಕ್ಕಿನಲ್ಲಿ ಐದೂ ಜಾಗ ಬರೆದಿದ್ದವು, ನೀರು ಹೇಗೆ ಹಿಡಿಯಬೇಕೆಂಬುದೂ ಇತ್ತು. ಬಾಟಲಿ ಕುದಿಸಿ, ಥರ್ಮಾಕೋಲ್ ಡಬ್ಬಿಗೆ ಐಸು ತುಂಬಿ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಟೆ.

ಮೊದಲನೆಯದು ಊರಲ್ಲೇ, ಹೊಳೆಯ ದಂಡೆಯಲ್ಲಿ. ಬಟ್ಟೆ ಒಗೆಯುವ ಕಲ್ಲಿನ ಕೆಳಗಿನ ಕೆಸರು. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಬಂದು ಚಿತ್ತಾಪುರದ ಬಸ್ಸು ಹಿಡಿದೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೇಟು. ಕಂಡಕ್ಟರು ತೊಡೆಯ ಮೇಲಿನ ಡಬ್ಬಿ ನೋಡಿ, "ಐಸ್‌ಕ್ರೀಮ್ ಏನ್ರಿ ಅಕ್ಕಾರ? ಅದಕ್ಕ ಫ್ರೀ ಇಲ್ರಿ, ನಮಗೊಂದು ಕೊಡಬೇಕಾಗ್ತದ" ಎಂದ. ನೀರು ಎಂದೆ. ನಂಬಲಿಲ್ಲ.

ಚಿತ್ತಾಪುರದಲ್ಲಿ ಎರಡನೆಯದು, ಊರಂಚಿನ ಮೆಟ್ಟಿಲು ಬಾವಿ. ಮೆಟ್ಟಿಲ ಸಂದಿಯಲ್ಲಿ ಬಿಳಿ ಪೊರೆ ಕಟ್ಟಿತ್ತು. ಹತ್ತು ಗಂಟೆಗೇ ಬಿಸಿಲು ಬೆನ್ನು ಸುಡುತ್ತಿತ್ತು. ಸೂಸಲಾ, ಮಿರ್ಚಿ ತಿಂದು ವಾಡಿ ಬಸ್ಸು ಹತ್ತಿ ರಾವೂರಲ್ಲಿ ಇಳಿದೆ.

ಮೂರನೆಯದು ಫರ್ಸಿ ಕಲ್ಲಿನ ಖಣಿ, ನೆಲಕ್ಕೂ ಮಾಳಿಗೆಗೂ ಹಾಸುವ ಚಪ್ಪಡಿ ತೆಗೆಯುವ ಜಾಗ. ತಳದಲ್ಲಿ ಹಸಿರು ನೀರು ನಿಂತಿತ್ತು. ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಕೆಲಸಗಾರರಲ್ಲಿ ವಯಸ್ಸಾದವನೊಬ್ಬ ಕರೆದ.

"ಬರ್ರಿ, ಕುಂದ್ರಿ. ನೀವೂ ನೀರು ಒಯ್ಯಾಕ ಬಂದೀರೇನು? ಹ್ವಾದ ತಿಂಗಳು ಒಬ್ಬಾಕಿ ಬಂದಿದ್ಲು. ತಾಸಗಟ್ಟಲೆ ನಮಗ ಸಾಲಿ ಕಲಿಸಿ ಹೋದ್ಲು."

"ಏನ್ ಕಲಿಸಿದ್ಲ್ರಿ?"

"ಈ ಕಲ್ಲು ಮೊದಲ ಸಮುದ್ರದ ತಳದಾಗ ಇತ್ತಂತ. ಅಲ್ರಿ, ರಾವೂರಾಗ ನಳದ ನೀರೇ ಬರವಲ್ದು, ಈಕಿ ಸಮುದ್ರ ಅಂತಾಳ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಹೋದ ಮೇಲೆ ಮೊದಲ ಸಲ ನಕ್ಕದ್ದು ಅಲ್ಲಿ. ಆಕೆ ನನ್ನ ತಂಗಿ ಎಂದು ಹೇಳಲಿಲ್ಲ. ಹೇಳಿದ್ದರೆ ಆ ನಗು ನಿಲ್ಲುತ್ತಿತ್ತು.

ಬಾಟಲಿ ತುಂಬಿಕೊಂಡು ವಾಡಿಗೆ ಹೋದೆ. ವಾಡಿಯಿಂದ ಶಹಾಬಾದಿಗೆ ರೈಲು. ಒಂದು ಗಂಟೆ ತಡ ಇತ್ತು, ಪ್ಲಾಟ್‌ಫಾರ್ಮಿನಲ್ಲಿ ಕಾಲಡಿಯ ಫರ್ಸಿ ಕೂಡ ಕಾದಿತ್ತು. ನಾಲ್ಕನೆಯ ಬಾಟಲಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಹಿಂದಿನ ಹೊಂಡದ್ದು, ಹಾಲಿನಂಥ ನೀರು. ಮತ್ತೆ ವಾಡಿಗೆ ಬಂದು ರೈಲು ಬದಲಿಸಿ ದೀಪ ಹಚ್ಚುವ ಹೊತ್ತಿಗೆ ಸೇಡಂ ಮುಟ್ಟಿದೆ. ನಾಲ್ಕು ಸಿಕ್ಕಿದ್ದವು. ಬೇಕಾಗಿದ್ದದ್ದು ಐದನೆಯದು.

ಶನಿವಾರ ಚಿಂಚೋಳಿಗೆ ಹೋದೆ. ಬಸ್ಸಿನಲ್ಲಿ ಅರ್ಧ ಜನ ತೆಲುಗು ಮಾತಾಡುತ್ತಿದ್ದರು. ಅಲ್ಲಿಂದ ಆಟೋದಲ್ಲಿ ಒಂದು ಸಣ್ಣ ಹಳ್ಳಿ. ನೋಟುಬುಕ್ಕಿನಲ್ಲಿ ಇದ್ದದ್ದು ಇಷ್ಟು: ನೀರು ಜಿನುಗುವ ಬಂಡೆ, ಮಾಣಿಕಮ್ಮ ತೋರಿಸಿದ್ದು. ಮಾಣಿಕಮ್ಮ ಎಂದರೆ ಆಡು ಕಾಯುವ ಮುದುಕಿ. ಅವಳ ಮನೆ ಕೇಳಿದ ಕೂಡಲೇ ತೋರಿಸಿದರು. ಕಟ್ಟೆಯ ಮೇಲೆ ಕೂತಿದ್ದವಳು ನನ್ನ ಡಬ್ಬಿ ನೋಡಿದಳು.

"ಬಾಟ್ಲಿ ಹಿಡ್ಕೊಂಡು ತಿರಗೋ ಹುಚ್ಚಿ ಒಬ್ಬಾಕೇ ಅದಾಳಂತ ಮಾಡಿದ್ದೆ. ಇಬ್ಬರಿದ್ದೀರೇನವ್ವಾ?"

"ನಾನು ಆಕಿ ಅಕ್ಕ, ಆಯಿ."

"ಮತ್ತ ಆಕಿ ಎಲ್ಲಿ?"

ಹೇಳಿದೆ. ಮುದುಕಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದು ತಲೆಯ ಮೇಲಿನ ಮಾಳಿಗೆ ತೋರಿಸಿದಳು. ಎರಡು ಫರ್ಸಿಗಳ ನಡುವೆ ಬಿರುಕು, ಗೋಡೆಯ ಮೇಲೆ ಹಳೆಯ ನೀರಿನ ಕಲೆ.

"ಮಳಿಗಾಲ ಬಂತಂದ್ರ ಹಾಸಗಿ ಸುತ್ತಿ ಮೂಲ್ಯಾಗ ಕುಂದುರ್ತೀನಿ. ಔಷಧ ತಯಾರಾತಂದ್ರ ಮೊದಲ ನಿನ್ನ ಮಾಳಿಗಿಗೇ ಹಾಕ್ತೀನಿ ಆಯಿ ಅಂದಿದ್ಲು. ನಾ ಸಾಯೋದ್ರೊಳಗ ತಾರವ್ವಾ ಅಂತ ನಾ ನಕ್ಕಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಡಿ, ಬಿಸಿಲೇರ್ತದ."

ಬಂಡೆ ಅರ್ಧ ತಾಸಿನ ದಾರಿ. ಆಡುಗಳು ಮುಂದೆ, ನಾವು ಹಿಂದೆ. ಬಂಡೆಯ ಹೊಟ್ಟೆಯಲ್ಲಿ ಮೇಣ ಇಳಿದಂತೆ ಸುಣ್ಣ ಇಳಿದಿತ್ತು. ಮುಟ್ಟಿ ನೋಡಿದೆ. ಒಣಗಿತ್ತು.

"ಹೋಳಿ ತನಕ ಹನಿ ಬೀಳ್ತಿತ್ತವ್ವಾ. ಇನ್ನ ಜೂನಿನಾಗ ಮಿರಗ ಮಳೀನೇ ಬರಬೇಕು," ಎಂದಳು ಮಾಣಿಕಮ್ಮ. ಕುಡುಗೋಲಿನಿಂದ ನಾಲ್ಕು ಚಕ್ಕೆ ಸುಣ್ಣ ಎಬ್ಬಿಸಿ ಕೊಟ್ಟಳು. ಒಂದು ಕಾಗದದಲ್ಲಿ ಕಟ್ಟಿಕೊಂಡೆ. ಬಾಟಲಿ ಖಾಲಿಯೇ ಉಳಿಯಿತು.

ರವಿವಾರ ಫರೀದಾ ಬಂದಳು. ಡಬ್ಬಿ ಮುಂದಿಟ್ಟು ಎಲ್ಲವನ್ನೂ ಹೇಳಿದೆ: ಕೊಡ ಚೆಲ್ಲಿದ್ದು, ಬಾಟಲಿ ಸುರಿದದ್ದು, ಫೋನಿನಲ್ಲಿ ಮುಚ್ಚಿಟ್ಟದ್ದು. ಬೈಯುತ್ತಾಳೆಂದು ಕಾದೆ. ಅವಳು ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

"ನಾನಿದ್ರೂ ಚೆಲ್ತಿದ್ದೆ ಅಕ್ಕಾ. ಹೋದ ವರ್ಷ ಲ್ಯಾಬಿನಾಗ ಅದನ್ನ ಕೆಡಿಸಿದ್ದು ನಾನು. ಮುಚ್ಚಳ ಬರಾಬರ್ ಹಾಕಿದ್ದಿಲ್ಲ, ಬ್ಯಾರೆ ಬ್ಯಾಕ್ಟೀರಿಯಾ ಹೊಕ್ತು. ಸುನಂದಾ ಒಂದು ಮಾತು ಅನ್ಲಿಲ್ಲ. ಮತ್ತ ತರ್ತೀನಿ ತಗೋ, ನಮ್ಮಕ್ಕನ ಕೈರೊಟ್ಟಿ ತಿಂದಂಗೂ ಆಗ್ತದ ಅಂದ್ಲು."

ಅವಳಿಗೂ ರೊಟ್ಟಿ ಬಡಿದು ಹಾಕಿದೆ. ಇಬ್ಬರೂ ಉಂಡೆವು. ಒಣ ಸುಣ್ಣದಲ್ಲೂ ಕೆಲವು ಜೀವ ಮಲಗಿರಬಹುದು, ನೋಡುತ್ತೇನೆ ಎಂದು ಹೇಳಿ ಮಧ್ಯಾಹ್ನದ ಹೈದರಾಬಾದ್ ಬಸ್ಸಿಗೆ ಹೋದಳು. ಕಿಟಕಿಯಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡದ್ದು ಬಸ್ಸು ತಿರುಗುವವರೆಗೂ ಕಂಡಿತು.

ಮೂರು ವಾರದ ನಂತರ ಫೋನು ಬಂತು. ನಾಲ್ಕು ಬಾಟಲಿಯ ನೀರಿನಲ್ಲೂ ಬ್ಯಾಕ್ಟೀರಿಯಾ ಬೆಳೆದಿವೆ, ಎರಡರವು ನಿಧಾನವಾಗಿ ಸುಣ್ಣ ಕಟ್ಟುತ್ತಿವೆ. ಚಿಂಚೋಳಿಯ ಚಕ್ಕೆಗಳಿಂದ ಏನೂ ಏಳಲಿಲ್ಲ.

ಐದನೆಯ ಬಾಟಲಿ ನನ್ನ ಹೊಲಿಗೆ ಮಷೀನಿನ ಮೇಲಿದೆ. ಮುಚ್ಚಳದ ಮೇಲೆ ಅವಳು ಬರೆದ ನಂಬರು ಹಾಗೇ ಇದೆ. ನೀರಿಲ್ಲ.